ಪಿಸ್ಟನ್ ಬದಲಿಸುವ ಮುನ್ನ

ಮುಂಗಾರು ಕಾಲಿಡುವ ಮೊದಲು ಬೀಸುವ ಬಿರುಗಾಳಿ ಬೀದರ ಜಿಲ್ಲೆಯವರಿಗೆ ಹೊಸದಲ್ಲ. ಬಸವಕಲ್ಯಾಣ ತಾಲ್ಲೂಕಿನ ಮಂಠಾಳ ಹೋಬಳಿಯಿಂದ ಹುಮನಾಬಾದಿನವರೆಗೆ ಹೊಲದ ಬದುಗಳ ಮೇಲೆ ನಿಂತ ಬೇವು, ಹುಣಸೆ, ಜಾಲಿ ಒಂದೇ ರಾತ್ರಿಯಲ್ಲಿ ದಾರಿಗೆ ಅಡ್ಡ ಬೀಳುತ್ತವೆ, ವಿದ್ಯುತ್ ತಂತಿಯ ಮೇಲೆ ಒರಗುತ್ತವೆ. ಕೊಡಲಿ ಹಿಡಿದರೆ ಅರ್ಧ ದಿನ ತಿನ್ನುವ ಕೆಲಸವನ್ನು ಚೈನ್ ಗರಗಸ ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಸುತ್ತದೆ. ಆದರೆ ಬೇಕಾದ ದಿನವೇ ಅದು ಕೈಕೊಡುವುದು ಹೆಚ್ಚು. ಹಗ್ಗ ಜಗ್ಗಿದರೆ ತಡೆಯೇ ಇಲ್ಲದಂತೆ ಹಗುರವಾಗಿ ಬರುತ್ತದೆ, ಇಲ್ಲವೆ ಜಗ್ಗಲಿಕ್ಕೇ ಬರುವುದಿಲ್ಲ. ಇಂಜಿನ್ ಹೋಯಿತು ಎಂದು ತೀರ್ಮಾನವಾಗಿ ಯಂತ್ರ ದನದ ಕೊಟ್ಟಿಗೆಯ ಮೂಲೆ ಸೇರುತ್ತದೆ, ಸ್ವಲ್ಪ ದಿನಕ್ಕೆ ಗುಜರಿಯವನ ತಕ್ಕಡಿ ಏರುತ್ತದೆ. ಇಂಥ ಹಳೆಯ ಇಂಜಿನ್ನನ್ನು ಮನೆಯಲ್ಲೇ ಬಿಚ್ಚಿ ಮತ್ತೆ ಕಟ್ಟಲು ಸಾಧ್ಯವೆ, ಕಟ್ಟುವುದು ಲಾಭವೆ ಎಂಬುದು ಇಂದಿನ ಮಾತಿನ ವಿಷಯ. ಸಾಧ್ಯ, ಲಾಭವೂ ಹೌದು ಎಂಬುದು ನನ್ನ ವಾದ. ಆದರೆ ಒಂದು ಷರತ್ತಿದೆ. ಇಂಜಿನ್ ಏಕೆ ಕೆಟ್ಟಿತು ಎಂಬುದು ಗೊತ್ತಾಗುವ ತನಕ ಒಂದು ರೂಪಾಯಿಯ ಸಾಮಾನನ್ನೂ ಕೊಳ್ಳಬಾರದು.

ಈ ಇಂಜಿನ್ನು ನಮ್ಮವರಿಗೆ ಅಪರಿಚಿತವೇನಲ್ಲ. ಚೈನ್ ಗರಗಸದಲ್ಲಿರುವುದು ಟೂ ಸ್ಟ್ರೋಕ್ ಇಂಜಿನ್. ಒಂದು ಕಾಲಕ್ಕೆ ಊರೂರಿನಲ್ಲಿ ಓಡಿದ ಲೂನಾ, ಟಿವಿಎಸ್ ಮೊಪೆಡ್, ಚೇತಕ್ ಸ್ಕೂಟರ್, ಯೆಜ್ಡಿ ಬೈಕು ಎಲ್ಲವೂ ಇದೇ ಕುಲದವು. ಹೆಗಲಿಗೆ ಹಾಕುವ ಹಲವು ಔಷಧಿ ಪಂಪುಗಳಲ್ಲಿ ಈಗಲೂ ಇದೇ ಇಂಜಿನ್ ಇದೆ. ಹಳೆಯ ಟೂ ಸ್ಟ್ರೋಕನ್ನು ಎಷ್ಟು ಕಾಲ ಬದುಕಿಸಬಹುದು ಎಂಬುದಕ್ಕೆ ಸಾಕ್ಷಿ ಕರ್ನಾಟಕದಲ್ಲೇ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ತೊಡಗಿ 1996ರಲ್ಲಿ ಬಾಗಿಲು ಮುಚ್ಚಿತು. ತಯಾರಿಸಿದವರೇ ಇಲ್ಲವಾದ ಮೇಲೂ ಜಾವಾ, ಯೆಜ್ಡಿಗಳು ಕಣ್ಮರೆಯಾಗಲಿಲ್ಲ. ಸಿಲಿಂಡರ್ ಕೊರೆಸಿ, ಪಿಸ್ಟನ್ ಹಾಕಿಸಿ, ಕ್ರ್ಯಾಂಕ್ ಕಟ್ಟಿಸಿ ಇಂದಿಗೂ ಓಡಿಸುವವರಿದ್ದಾರೆ. ಗರಗಸದ ಇಂಜಿನ್ನಿನಲ್ಲಿ ಕವಾಟವಿಲ್ಲ, ಕ್ಯಾಮ್ ಇಲ್ಲ, ಎಣ್ಣೆಯ ಪಂಪೂ ಇಲ್ಲ. ತಿರುಗುವ, ಜಾರುವ ಮುಖ್ಯ ಭಾಗಗಳು ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಈ ಮೂರೇ. ಇಷ್ಟು ಸರಳವಾದದ್ದನ್ನು ಬಿಚ್ಚಿ ಕೂಡಿಸಲು ಎದೆಗಾರಿಕೆ ಬೇಕಿಲ್ಲ, ತಾಳ್ಮೆ ಇದ್ದರಾಯಿತು.

ಆದರೆ ಬೈಕಿನ ಅನುಭವವನ್ನು ಹಾಗೆಯೇ ಗರಗಸಕ್ಕೆ ತಂದರೆ ಎರಡು ಕಡೆ ಎಡವುತ್ತೇವೆ. ಯೆಜ್ಡಿಯ ಸಿಲಿಂಡರ್ ಬೀಡು ಕಬ್ಬಿಣದ್ದು. ಸವೆದರೆ ಲೇತಿಗೆ ಒಯ್ದು ಬೋರ್ ಹೊಡೆಸಿ, ಕಾಲು ಮಿಲಿಮೀಟರ್ ಅಥವಾ ಅರ್ಧ ಮಿಲಿಮೀಟರ್ ಹೆಚ್ಚು ದಪ್ಪನೆಯ ಪಿಸ್ಟನ್ ಹಾಕಿದರೆ ಮತ್ತೆ ವರ್ಷಗಟ್ಟಲೆ ಓಡುತ್ತದೆ. ಗರಗಸದ ಸಿಲಿಂಡರ್ ಅಲ್ಯೂಮಿನಿಯಮ್ಮಿನದು. ಅದರ ಒಳಮೈಗೆ ಕ್ರೋಮಿಯಂ ಲೇಪನವೋ ನಿಕಾಸಿಲ್ ಎಂಬ ನಿಕ್ಕೆಲ್ ಲೇಪನವೋ ಇರುತ್ತದೆ. ಕೂದಲೆಳೆಯಷ್ಟು ತೆಳುವಾದರೂ ಕಬ್ಬಿಣಕ್ಕಿಂತ ಗಟ್ಟಿಯಾದ ಪದರ ಅದು. ಅದನ್ನು ಬೋರ್ ಹೊಡೆಸಿದರೆ ಲೇಪನ ಪೂರ್ತಿ ಹೋಗಿ, ಅಲ್ಯೂಮಿನಿಯಮ್ ಮೇಲೆ ಅಲ್ಯೂಮಿನಿಯಮ್ ಉಜ್ಜಿ ಇಂಜಿನ್ ಕೆಲವೇ ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ. ಸದುದ್ದೇಶದಿಂದಲೇ ಲೇತಿಗೆ ಕೊಟ್ಟು ಸಿಲಿಂಡರ್ ಕಳೆದುಕೊಳ್ಳುವುದು ಹೀಗೆ. ಎರಡನೆಯದು ವೇಗ. ಬಾವಿಯ ಮೇಲೆ ದಡ್ ದಡ್ ಎನ್ನುತ್ತಿದ್ದ ಹಳೆಯ ಡೀಸೆಲ್ ಇಂಜಿನ್ ನಿಮಿಷಕ್ಕೆ 650 ಸುತ್ತು ತಿರುಗಿದರೆ ಹೆಚ್ಚು. ಗರಗಸ ನಿಮಿಷಕ್ಕೆ 10,000 ಸುತ್ತು ದಾಟುತ್ತದೆ, ಅಂದರೆ ಸೆಕೆಂಡಿಗೆ 160ಕ್ಕೂ ಹೆಚ್ಚು ಸಲ ಪಿಸ್ಟನ್ ಮೇಲೇರಿ ಕೆಳಗಿಳಿಯುತ್ತದೆ. ನಿಧಾನದ ಇಂಜಿನ್ ಸಹಿಸಿಕೊಳ್ಳುವ ಸಣ್ಣ ತಪ್ಪನ್ನು ಈ ವೇಗದ ಇಂಜಿನ್ ಕ್ಷಮಿಸುವುದಿಲ್ಲ.

ಇಂಜಿನ್ ಸಾಯುವ ಬಗೆ ತಿಳಿಯಬೇಕಾದರೆ ಅದು ಉಸಿರಾಡುವ ಬಗೆ ತಿಳಿಯಬೇಕು. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಒತ್ತಡ ಇಳಿದು, ಕಾರ್ಬ್ಯುರೇಟರಿನಿಂದ ಪೆಟ್ರೋಲ್, ಎಣ್ಣೆ, ಗಾಳಿಯ ಮಿಶ್ರಣ ಒಳನುಗ್ಗುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣ ಪಕ್ಕದ ದಾರಿಗಳಿಂದ ಮೇಲಿನ ದಹನ ಕೋಣೆಗೆ ಹೋಗುತ್ತದೆ. ಬೇರಿಂಗಿಗೆ ಎಣ್ಣೆ ಸಿಗುವುದು ಈ ಮಿಶ್ರಣದಿಂದ. ಪಿಸ್ಟನ್ನಿನ ಕೆಳಮೈ ತಣ್ಣಗಾಗುವುದೂ ಈ ಪೆಟ್ರೋಲ್ ಆವಿಯಾಗುವುದರಿಂದಲೇ. ಈಗ ಕ್ರ್ಯಾಂಕಿನ ಎರಡು ತುದಿಯಲ್ಲಿರುವ ರಬ್ಬರ್ ಸೀಲುಗಳಲ್ಲಿ ಒಂದು ಗಟ್ಟಿಯಾಗಿ ಬಿರುಕು ಬಿಟ್ಟಿದೆ ಎನ್ನೋಣ. ಪಿಸ್ಟನ್ ಮೇಲೇರಿದಾಗಲೆಲ್ಲ ಅಲ್ಲಿಂದ ಬರಿ ಗಾಳಿ ಒಳಸೇರುತ್ತದೆ. ಮಿಶ್ರಣದಲ್ಲಿ ಗಾಳಿ ಹೆಚ್ಚಾಯಿತು ಎಂದರೆ ಪೆಟ್ರೋಲ್ ಕಡಿಮೆಯಾಯಿತು, ಅದರ ಜೊತೆಗೆ ಎಣ್ಣೆಯೂ ಕಡಿಮೆಯಾಯಿತು, ತಂಪೂ ಕಡಿಮೆಯಾಯಿತು. ಹೊರಗಿನಿಂದ ನೋಡುವವರಿಗೆ ಇಂಜಿನ್ ಎಂದಿಗಿಂತ ಚುರುಕಾಗಿ, ಕಿರುಗುಟ್ಟುವ ಏರುದನಿಯಲ್ಲಿ ಓಡುತ್ತಿರುವಂತೆ ಕಾಣುತ್ತದೆ. ಮಷಿನ್ ಇವತ್ತು ಭಾರಿ ಓಡ್ತಾ ಇದೆ ಎಂದು ಖುಷಿಪಡುವುದು ಇದೇ ಹೊತ್ತಿನಲ್ಲಿ. ಒಳಗೆ ಪಿಸ್ಟನ್ ಕಾದು ಉಬ್ಬುತ್ತದೆ. ಸಿಲಿಂಡರಿಗೆ ಹೊರಗಿನಿಂದ ಗಾಳಿ ಬಡಿಯುವುದರಿಂದ ಅದು ಅಷ್ಟು ಹಿಗ್ಗುವುದಿಲ್ಲ. ನಡುವಿನ ಸಂದು ಮುಚ್ಚಿಹೋಗಿ ಪಿಸ್ಟನ್ನಿನ ಅಲ್ಯೂಮಿನಿಯಮ್ ಗೋಡೆಗೆ ಮೆತ್ತಿಕೊಳ್ಳುತ್ತದೆ. ಅಲ್ಲಿಗೆ ಇಂಜಿನ್ ಸೀಜ್. ಇಂಥ ಇಂಜಿನ್ನಿಗೆ ಸೀಲು ನೋಡದೆ ಹೊಸ ಪಿಸ್ಟನ್ ಹಾಕಿದರೆ ಆಗುವುದೇನು? ಅದೇ ಸೀಲಿನಿಂದ ಅದೇ ಗಾಳಿ ಒಳಬಂದು ಹೊಸ ಪಿಸ್ಟನ್ನನ್ನೂ ಅದೇ ರೀತಿ ತಿನ್ನುತ್ತದೆ. ರಿಪೇರಿ ಮಾಡಿಸಿ ವಾರವಾಗಲಿಲ್ಲ, ಮತ್ತೆ ಹೋಯಿತು ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇಷ್ಟೇ.

ಕಾರಣ ಹುಡುಕಲು ದೊಡ್ಡ ಪ್ರಯೋಗಾಲಯ ಬೇಡ. ಮೊದಲ ಸಾಕ್ಷಿ ಕೆಟ್ಟ ಪಿಸ್ಟನ್ನಿನ ಮೈಮೇಲೆಯೇ ಇರುತ್ತದೆ. ಸೈಲೆನ್ಸರಿನ ಬೋಲ್ಟು ಬಿಚ್ಚಿ ಟಾರ್ಚ್ ಹಿಡಿದು ಒಳಗೆ ನೋಡಿದರೆ ಅದರ ಒಂದು ಮಗ್ಗುಲು ಕಾಣುತ್ತದೆ. ಸಿಲಿಂಡರ್ ತೆಗೆದ ಮೇಲೆ ಪೂರ್ತಿ ಕಾಣುತ್ತದೆ. ಹೊಗೆ ಹೋಗುವ ಮಗ್ಗುಲಲ್ಲಿ ಮಾತ್ರ ಉದ್ದುದ್ದ ಗೀರುಗಳಿದ್ದು ಉಳಿದ ಕಡೆ ನುಣುಪಾಗಿದ್ದರೆ, ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಕಾದಿದೆ ಎಂದು ಅರ್ಥ. ಎಲ್ಲಿಂದ ಗಾಳಿ ಸೇರಿತು, ಅಥವಾ ಎಲ್ಲಿ ಪೆಟ್ರೋಲ್ ಕಟ್ಟಿಕೊಂಡಿತು ಎಂದು ಹುಡುಕಬೇಕು. ಸುತ್ತಲೂ ಗೀರಿದ್ದರೆ ಪೆಟ್ರೋಲಿಗೆ ಎಣ್ಣೆ ಬೆರೆಸಿಲ್ಲ, ಅಥವಾ ತೀರ ಕಡಿಮೆ ಬೆರೆಸಿದ್ದಾರೆ. ಗಾಳಿ ಒಳಬರುವ ಮಗ್ಗುಲು ಮರಳುಕಾಗದ ಉಜ್ಜಿದಂತೆ ಮಂಕಾಗಿ ಸವೆದಿದ್ದರೆ ಏರ್ ಫಿಲ್ಟರಿನಿಂದ ಧೂಳು ಹೋಗಿದೆ. ಬೇಸಿಗೆಯಲ್ಲಿ ಎರೆಹೊಲದ ಧೂಳು, ಬಸವಕಲ್ಯಾಣದ ಕಡೆಯ ಕೆಂಪು ಜಂಬಿಟ್ಟಿಗೆಯ ಧೂಳು ಎಷ್ಟು ನುಣ್ಣಗಿರುತ್ತದೆ ಎಂಬುದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಹರಿದ ಫಿಲ್ಟರಿಗೆ ಸೀರೆಯ ತುಂಡು ಕಟ್ಟಿ ಓಡಿಸಿದರೆ ಅದು ಧೂಳನ್ನು ತಡೆಯುವುದಿಲ್ಲ. ಒಂದೇ ಪಿಸ್ಟನ್ನಿನ ಮೇಲೆ ಹೀಗೆ ಮೂರು ಬೇರೆ ಬೇರೆ ಕಥೆ ಓದಬಹುದು. ಮೂರಕ್ಕೂ ಮದ್ದು ಬೇರೆ ಬೇರೆ.

ಎಣ್ಣೆಯ ಮಾತು ಬಂದಿತಾದ್ದರಿಂದ ಅಳತೆಯನ್ನೂ ಹೇಳಬೇಕು. ಇಂದಿನ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆಗೆ 50ಕ್ಕೆ 1 ಪ್ರಮಾಣ ಎಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್. ಸಾಧಾರಣ ಎಣ್ಣೆಗೆ, ಹಳೆಯ ಯಂತ್ರಗಳಿಗೆ 25ಕ್ಕೆ 1, ಅಂದರೆ 40 ಮಿಲಿಲೀಟರ್. ಯಂತ್ರದ ಪುಸ್ತಕ ಏನು ಹೇಳುತ್ತದೋ ಅದೇ ಕೊನೆಯ ಮಾತು. ಮೊಪೆಡ್ ಕಾಲದಿಂದ ಬಂದ ಅಭ್ಯಾಸದಲ್ಲಿ ನಾವು ಮುಚ್ಚಳದಲ್ಲಿ ಅಳೆಯುತ್ತೇವೆ. ಮುಚ್ಚಳಗಳು ಒಂದೇ ಗಾತ್ರದವಲ್ಲ. ಔಷಧಿ ಅಂಗಡಿಯ ಸಿರಿಂಜು ಇದಕ್ಕೆ ಸಾಕು. ಇದಕ್ಕಿಂತ ಹೊಸ ಸಂಗತಿಯೊಂದಿದೆ, ಕಬ್ಬು ಬೆಳೆಯುವ ಬೀದರ ಜಿಲ್ಲೆಯವರಿಗೆ ಅದು ಹತ್ತಿರದ್ದೂ ಹೌದು. ಕಬ್ಬಿನಿಂದಲೂ ಬರುವ ಎಥೆನಾಲನ್ನು ಪೆಟ್ರೋಲಿಗೆ ಬೆರೆಸುವ ಪ್ರಮಾಣ 2025ರ ಹೊತ್ತಿಗೆ ದೇಶದಲ್ಲಿ ಶೇ. 20 ಮುಟ್ಟಿತು. ಕಬ್ಬಿಗೆ ಮಾರುಕಟ್ಟೆ ಸಿಗುವುದು ಒಳ್ಳೆಯದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಂದು ಕಿಲೋ ಪೆಟ್ರೋಲ್ ಉರಿಯಲು ಹದಿನಾಲ್ಕೂವರೆ ಕಿಲೋಗಿಂತ ತುಸು ಹೆಚ್ಚು ಗಾಳಿ ಬೇಕಾದರೆ ಎಥೆನಾಲಿಗೆ ಸುಮಾರು 9 ಕಿಲೋ ಸಾಕು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ಯುರೇಟರಿಗೆ ಇಂದಿನ ಪೆಟ್ರೋಲ್ ಹಾಕಿದರೆ, ತಿರುಪನ್ನು ಯಾರೂ ಮುಟ್ಟದಿದ್ದರೂ ಮಿಶ್ರಣದಲ್ಲಿ ಗಾಳಿಯ ಪಾಲು ಹೆಚ್ಚಾಗುತ್ತದೆ. ಮೇಲಾಗಿ ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ನೀರು ಬೆರೆತ ಎಥೆನಾಲ್ ತಳಕ್ಕಿಳಿಯುತ್ತದೆ. ಪೆಟ್ರೋಲ್ ಎಳೆಯುವ ನಳಿಕೆಯ ಬಾಯಿ ಇರುವುದೂ ಅದೇ ತಳದಲ್ಲಿ, ಎಣ್ಣೆ ಉಳಿಯುವುದು ಮೇಲಿನ ಪೆಟ್ರೋಲಿನಲ್ಲಿ. ಹಳೆಯ ರಬ್ಬರ್ ನಳಿಕೆ, ಕಾರ್ಬ್ಯುರೇಟರಿನ ಪೊರೆ ಎಥೆನಾಲಿನಿಂದ ಬೇಗ ಗಟ್ಟಿಯಾಗುತ್ತವೆ. ಹೀಗಾಗಿ ಹಳೆಯ ಗರಗಸ ಕಟ್ಟುವವರು ಪೊರೆ, ನಳಿಕೆ, ಟ್ಯಾಂಕಿನೊಳಗಿನ ಫಿಲ್ಟರ್ ಮೂರನ್ನೂ ಹೊಸದು ಹಾಕಲೇಬೇಕು. ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಇಡಬೇಕು.

ಇನ್ನೊಂದು ಕೊಲೆಗಾರ ಇಂಜಿನ್ನಿನ ಹೊರಗೇ ಇದೆ, ಅದು ಮೊಂಡಾದ ಚೈನು. ಹರಿತವಾದ ಚೈನು ಕಟ್ಟಿಗೆಯನ್ನು ಚಕ್ಕೆಚಕ್ಕೆಯಾಗಿ ಉಗುಳುತ್ತದೆ, ಮೊಂಡು ಚೈನು ಹಿಟ್ಟು ಮಾಡುತ್ತದೆ. ಒಣಗಿದ ಜಾಲಿಯಂಥ ಗಟ್ಟಿ ಮರಕ್ಕೆ ಮೊಂಡು ಚೈನು ಒತ್ತಿ ಹಿಡಿದರೆ ಇಂಜಿನ್ ಪೂರ್ಣ ಭಾರದಲ್ಲಿ ನರಳುತ್ತದೆ, ಆ ಹಿಟ್ಟು ಹೋಗಿ ಸಿಲಿಂಡರಿನ ರೆಕ್ಕೆಗಳ ನಡುವೆ ತುಂಬಿ ತಂಪಿನ ದಾರಿಯನ್ನೂ ಮುಚ್ಚುತ್ತದೆ. ಒಂದು ದುಂಡನೆಯ ಅರ ಕೊಳ್ಳಲು ಹಿಂದೆಗೆದು ಸಿಲಿಂಡರ್ ಕಳೆದುಕೊಂಡಂತಾಗುತ್ತದೆ.

ಗಾಳಿ ಸೋರುವ ಜಾಗ ಪತ್ತೆ ಮಾಡುವ ಪರೀಕ್ಷೆ ಈ ಕೆಲಸದ ತಿರುಳು, ಅದನ್ನೇ ಹೆಚ್ಚಿನವರು ಬಿಡುವುದು. ಕಾರ್ಬ್ಯುರೇಟರ್, ಸೈಲೆನ್ಸರ್ ತೆಗೆದು, ಆ ಎರಡು ಬಾಯಿಗೂ ಹಳೆಯ ಸೈಕಲ್ ಟ್ಯೂಬಿನ ತುಂಡು ಇಟ್ಟು ಬಿಗಿಯಬೇಕು. ಕಾರ್ಬ್ಯುರೇಟರಿಗೆ ಕ್ರ್ಯಾಂಕ್ ಕೋಣೆಯಿಂದ ಬರುವ ಸಣ್ಣ ರಂಧ್ರವೂ ಮುಚ್ಚಿರಬೇಕು. ಪಿಸ್ಟನ್ನನ್ನು ಕೆಳಕ್ಕಿಳಿಸಿ ಪ್ಲಗ್ಗಿನ ಜಾಗದಿಂದ ಗಾಳಿ ತುಂಬಬೇಕು. ಇದಕ್ಕೆ ರಕ್ತದೊತ್ತಡ ನೋಡುವ ಹಳೆಯ ಯಂತ್ರದ ಬಲ್ಬು ಮತ್ತು ಮುಳ್ಳಿನ ಗಡಿಯಾರ ಧಾರಾಳವಾಗಿ ಸಾಕು. ಅದರ 300ರ ಗೆರೆ ಎಂದರೆ 0.4 ಬಾರ್ ಒತ್ತಡ. ಅಲ್ಲಿಗೆ ಏರಿಸಿ ಬಿಟ್ಟಾಗ ಮುಳ್ಳು ನಿಂತಲ್ಲೇ ನಿಲ್ಲಬೇಕು. ಇಳಿದರೆ ಸೋಪಿನ ನೊರೆಯನ್ನು ಎರಡೂ ಸೀಲು, ಸಿಲಿಂಡರಿನ ಬುಡ, ಕಾರ್ಬ್ಯುರೇಟರಿನ ರಬ್ಬರ್ ಕೊಳವೆ ಇವುಗಳಿಗೆ ಹಚ್ಚಿ ನೋಡಿದರೆ ಗುಳ್ಳೆ ಎದ್ದಲ್ಲಿ ಕಳ್ಳ ಸಿಕ್ಕ. ಸೀಲಿನ ತುಟಿ ಒಳಗಿನ ಒತ್ತಡಕ್ಕೆ ಬಿಗಿಯಾಗಿದ್ದು ಎಳೆತಕ್ಕೆ ಸಡಿಲವಾಗುವುದೂ ಉಂಟು. ಹಾಗಾಗಿ ಗಾಳಿ ಹೀರುವ ಪಂಪಿನಿಂದ ಉಲ್ಟಾ ಪರೀಕ್ಷೆಯನ್ನೂ ಮಾಡುವುದು ಲೇಸು. ಬ್ರೇಕಿನ ಎಣ್ಣೆ ಎಳೆಯಲು ಗ್ಯಾರೇಜಿನಲ್ಲಿ ಇಟ್ಟುಕೊಳ್ಳುವ ಕೈಪಂಪು ಆ ಕೆಲಸಕ್ಕೆ ಬರುತ್ತದೆ.

ಕಾರಣ ಸಿಕ್ಕ ಮೇಲೆ ಉಳಿದ ಕೆಲಸ ಸುಲಭ. ಸಿಲಿಂಡರಿಗೆ ಮೆತ್ತಿದ ಅಲ್ಯೂಮಿನಿಯಮ್ಮನ್ನು ತೆಗೆಯಲು ಆಸಿಡ್ ಬಳಸುವವರಿದ್ದಾರೆ. ಆಸಿಡ್ ಕ್ರೋಮಿಯಂ ಲೇಪನವನ್ನೂ ತಿನ್ನುತ್ತದೆ, ಲೇಪನವಿಲ್ಲದ ಜಾಗವನ್ನು ಕೊರೆಯುತ್ತದೆ, ಕಣ್ಣಿಗೂ ಅಪಾಯ. ನುಣುಪು ಎಮರಿ ಕಾಗದದಿಂದ ಕೈಯಲ್ಲೇ ನಿಧಾನವಾಗಿ ಉಜ್ಜುವುದು ಮನೆಯ ಕೆಲಸಕ್ಕೆ ಮೇಲು. ಆಮೇಲೆ ಉಗುರಿನಿಂದ ಸವರಬೇಕು. ಉಗುರು ಎಲ್ಲೂ ತಡೆಯದಿದ್ದರೆ ಸಿಲಿಂಡರ್ ಉಳಿಯಿತು, ತಡೆದರೆ ಅಥವಾ ಲೇಪನ ಎದ್ದು ಬೇರೆ ಬಣ್ಣ ಕಂಡರೆ ಹೊಸದೇ ಗತಿ. ರಿಂಗನ್ನು ಒಂಟಿಯಾಗಿ ಸಿಲಿಂಡರಿನೊಳಗೆ ನೆಟ್ಟಗೆ ಕೂರಿಸಿ ಅದರ ಎರಡು ತುದಿಗಳ ನಡುವಿನ ಸಂದು ಅಳೆಯಬೇಕು. ಒಂದು ಮಿಲಿಮೀಟರ್ ಮುಟ್ಟಿದ್ದರೆ ರಿಂಗು ಸವೆದಿದೆ. ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಹೊಗೆಯ ಕಡೆಗೇ ಇರಬೇಕು, ತಿರುಗಿಸಿ ಹಾಕಿದರೆ ರಿಂಗಿನ ತುದಿ ರಂಧ್ರಕ್ಕೆ ಸಿಕ್ಕಿ ಮುರಿಯುತ್ತದೆ. ಪಿನ್ನಿನ ಲಾಕು ಎಂದೂ ಹಳೆಯದನ್ನು ಹಾಕಬಾರದು. ಕ್ಲಚ್ ಬಿಚ್ಚುವಾಗ ಅದರ ತಿರುಪು ಉಲ್ಟಾ ಎಂಬುದು ನೆನಪಿರಲಿ. ಕಾಯಿಲಿಗೂ ಫ್ಲೈವೀಲಿಗೂ ನಡುವೆ ವಿಸಿಟಿಂಗ್ ಕಾರ್ಡಿನ ದಪ್ಪ, ಅಂದರೆ 0.3 ಮಿಲಿಮೀಟರ್ ಅಂತರ. ಎಲ್ಲ ಕೂಡಿಸಿದ ಮೇಲೆ ಕಂಪ್ರೆಶನ್ ಗೇಜಿನಲ್ಲಿ 150 ಪಿಎಸ್‌ಐ ಆಸುಪಾಸು ಬಂದರೆ ನೆಮ್ಮದಿ, 100ಕ್ಕಿಂತ ಕೆಳಗಿದ್ದರೆ ಮತ್ತೆ ಬಿಚ್ಚುವುದೇ. ಮೊದಲ ಓಟದಲ್ಲಿ ಕಾರ್ಬ್ಯುರೇಟರಿನ ವೇಗದ ತಿರುಪನ್ನು ತುಸು ಹೆಚ್ಚು ತೆರೆದಿಡಬೇಕು. ಬರಿದೆ ಓಡಿಸಿದಾಗ ತುಸು ತಡವರಿಸುವ ಸದ್ದು ಕೇಳಿ, ಮರಕ್ಕೆ ಇಟ್ಟ ಕೂಡಲೇ ಆ ತಡವರಿಕೆ ಹೋಗಬೇಕು. ಇದಕ್ಕೆ ಕಿವಿಯೇ ಮಾಪಕ.

ಇಷ್ಟೆಲ್ಲ ಏಕೆ, ಈಗ ಅಗ್ಗದ ಹೊಸ ಗರಗಸಗಳು ಪೇಟೆಯಲ್ಲಿ ರಾಶಿ ಬಿದ್ದಿವೆಯಲ್ಲ ಎಂಬ ಪ್ರಶ್ನೆ ಬರುತ್ತದೆ. ನಿಜ. ಹೊಸದರ ಬೆಲೆ ನೋಡಿದರೆ ಹಳೆಯದಕ್ಕೆ ಸಿಲಿಂಡರ್ ಜೋಡಿ ಕೊಳ್ಳುವುದೂ ಕೆಲವೊಮ್ಮೆ ದುಬಾರಿ ಎನಿಸಬಹುದು. ಆದರೆ ಮುಚ್ಚಳದಲ್ಲಿ ಎಣ್ಣೆ ಅಳೆಯುವ ಮನೆಗೆ, ಚೈನು ಹರಿತ ಮಾಡದ ಕೈಗೆ ಹೊಸ ಯಂತ್ರ ಬಂದರೆ ಅದೂ ಅದೇ ದಾರಿ ಹಿಡಿಯುತ್ತದೆ. ಹೊಸದು ಕೊಳ್ಳುವವರೂ ಹಳೆಯದು ಏಕೆ ಸತ್ತಿತು ಎಂದು ತಿಳಿದೇ ಕೊಳ್ಳಬೇಕು, ಅದಕ್ಕಾದರೂ ಹಳೆಯದನ್ನು ಬಿಚ್ಚಿ ನೋಡಲೇಬೇಕಾಗುತ್ತದೆ. ಬಿಚ್ಚಿ ನೋಡಿದಾಗ ಬಹಳ ಸಲ ಕೆಟ್ಟಿರುವುದು ಸೀಲು, ಪೊರೆ, ನಳಿಕೆಯಂಥ ಅಗ್ಗದ ರಬ್ಬರ್ ಸಾಮಾನು ಮಾತ್ರ ಎಂದು ತಿಳಿಯುತ್ತದೆ. ಬಿಡಿಭಾಗ ಸಿಗುವುದಿಲ್ಲ ಎಂಬ ಮಾತಿನಲ್ಲಿ ಹೆಚ್ಚು ಹುರುಳಿದೆ. ರಿಪೇರಿಯ ಹಕ್ಕಿನ ಚೌಕಟ್ಟು ರೂಪಿಸಲು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ಸಮಿತಿ ಮಾಡಿದಾಗ ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಆ ಹಕ್ಕು ಹಳ್ಳಿಗೆ ತಲುಪುವುದು ಹುಮನಾಬಾದಿನ ಅಂಗಡಿಯಲ್ಲಿ ಒಂದು ಜೊತೆ ಸೀಲು ಸಿಕ್ಕ ದಿನವೇ.

ಇದು ಮಿಸ್ತ್ರಿಯ ಕೆಲಸ, ಮನೆಯಲ್ಲಿ ಏಕೆ ಎನ್ನುವವರಿಗೂ ಉತ್ತರ ಹೇಳಬೇಕು. ಹೆದ್ದಾರಿ ಬದಿಯ ಗ್ಯಾರೇಜುಗಳ ಮಿಸ್ತ್ರಿಗಳ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಸಾಲಿನಲ್ಲಿ ಹತ್ತು ಗಾಡಿ ನಿಂತಿರುವಾಗ, ಮುಗಿಸಿದ ಕೆಲಸಕ್ಕಷ್ಟೇ ಕೂಲಿ ಸಿಗುವಾಗ, ಅರ್ಧ ದಿನ ಗಾಳಿ ಸೋರಿಕೆ ಹುಡುಕುತ್ತ ಕೂರಲು ಅವರಿಗೆ ಬಿಡುವೆಲ್ಲಿದೆ? ಮನೆಯಲ್ಲಿರುವುದು ಅವರ ಕೈಚಳಕವಲ್ಲ, ಹೊತ್ತು. ಪತ್ತೆದಾರಿಕೆಗೆ ಬೇಕಾದದ್ದು ಅದೇ. ಬೇರಿಂಗ್ ಒತ್ತಿ ಕೂರಿಸುವಂಥ ಕೆಲಸವನ್ನು ಅವರಿಗೇ ಬಿಡಬೇಕು, ಸುತ್ತಿಗೆಯಲ್ಲಿ ಬಡಿಯಬಾರದು.

ಟೂ ಸ್ಟ್ರೋಕ್ ಇಂಜಿನ್ ಒಳಬಂದ ಪೆಟ್ರೋಲಿನಲ್ಲಿ ಒಂದು ಪಾಲನ್ನು ಉರಿಸದೆಯೇ ಹೊಗೆಯ ಜೊತೆ ಹೊರಬಿಡುತ್ತದೆ. ಇದು ಮುಚ್ಚಿಡಬೇಕಾದ ಮಾತಲ್ಲ. ದಿನವಿಡೀ ಮರ ಕೊಯ್ಯುವ ಸಾಮಿಲ್ಲಿನವರು ವಿದ್ಯುತ್ ಗರಗಸಕ್ಕೆ ಹೋಗುವುದೇ ಸರಿ. ವರ್ಷಕ್ಕೆ ಕೆಲವು ಗಂಟೆ ಮಾತ್ರ ಓಡುವ ರೈತನ ಯಂತ್ರಕ್ಕೆ ಆ ತರ್ಕ ಅಷ್ಟು ಬಲವಾಗಿ ಅನ್ವಯಿಸುವುದಿಲ್ಲ. ಗಾಳಿಮಳೆಯ ರಾತ್ರಿ ಕರೆಂಟು ಹೋದಾಗಲೇ ಅದರ ಅಗತ್ಯ ಬೀಳುವುದು. ಕಾಡು ವಿರಳವಾದ ಜಿಲ್ಲೆಯಲ್ಲಿ ಗರಗಸಕ್ಕೆ ಜೀವ ಕೊಡುವುದು ಮರಕ್ಕೆ ಮೃತ್ಯು ಕರೆದಂತೆ ಎಂಬ ಆತಂಕ ನನಗೆ ಇನ್ನೂ ಹತ್ತಿರದ್ದು. ನಿಂತ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿ ಬಿಟ್ಟು, ಅನುಮತಿ ಬೇಕು. ಆ ಕಾಯ್ದೆ ಬಿಗಿಯಾಗಿ ನಡೆಯಲಿ. ಬಿದ್ದ ಮರ ಸರಿಸಲು, ಒಣಕೊಂಬೆ ಸವರಲು, ಹೊಲಕ್ಕೆ ನುಗ್ಗಿದ ಬಳ್ಳಾರಿ ಜಾಲಿ ತೆಗೆಯಲು ಗರಗಸ ಬೇಕೇ ಬೇಕು. ಬಸವಣ್ಣನ ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಮಾರುವುದನ್ನೇ ಕಾಯಕ ಮಾಡಿಕೊಂಡ ಮೋಳಿಗೆ ಮಾರಯ್ಯನಿಗೆ ಶರಣರ ಸಾಲಿನಲ್ಲಿ ಜಾಗ ಸಿಕ್ಕ ನೆಲವಿದು. ಇಲ್ಲಿ ಕಟ್ಟಿಗೆಯ ಕೆಲಸ ತಲೆ ತಗ್ಗಿಸುವಂಥದ್ದಲ್ಲ.

ಎಲ್ಲ ಇಂಜಿನ್ನನ್ನೂ ಉಳಿಸಬೇಕೆಂಬ ಹಟ ನನಗಿಲ್ಲ. ಚೈನ್ ಬ್ರೇಕ್ ಇಲ್ಲದ ಗರಗಸವನ್ನು ಯಾವ ಕಾರಣಕ್ಕೂ ಮತ್ತೆ ಓಡುವಂತೆ ಮಾಡಬಾರದು. ತುದಿ ತಗುಲಿ ಯಂತ್ರ ಮುಖದ ಕಡೆಗೆ ಎಗರಿದಾಗ ಚೈನನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ಲಿಸುವ ಈ ಏರ್ಪಾಟು 1970ರ ದಶಕದಲ್ಲಿ ಬಂತು. ಅದಕ್ಕಿಂತ ಹಳೆಯದೋ, ಬ್ರೇಕ್ ಮುರಿದು ಕಿತ್ತೆಸೆದದ್ದೋ ಆಗಿದ್ದರೆ ಅದರ ಜಾಗ ಗುಜರಿಯೇ. ಕನೆಕ್ಟಿಂಗ್ ರಾಡಿನ ದೊಡ್ಡ ತುದಿ ಮೇಲೆ ಕೆಳಗೆ ಆಡುತ್ತಿದ್ದರೂ ಅಲ್ಲಿಗೆ ನಿಲ್ಲಿಸಬೇಕು. ಬಹಳಷ್ಟು ಗರಗಸಗಳಲ್ಲಿ ಕ್ರ್ಯಾಂಕ್, ರಾಡು ಒಂದೇ ಜೋಡಣೆಯಾಗಿ ಬರುವುದರಿಂದ ಪೂರ್ತಿ ಕ್ರ್ಯಾಂಕ್ ಬದಲಿಸಬೇಕಾಗುತ್ತದೆ, ಆ ಖರ್ಚಿಗೆ ಅರ್ಥವಿರುವುದು ಅಪರೂಪ. ಉಳಿದವಕ್ಕೆ ಬೇಕಾದದ್ದು ಒಂದು ಕಂಪ್ರೆಶನ್ ಗೇಜು, ಒಂದು ಗಾಳಿ ಪಂಪು, ಸಂದು ಅಳೆಯುವ ಒಂದು ಫೀಲರ್ ಗೇಜು. ಪ್ರತಿ ಮನೆಯೂ ಇವನ್ನು ಕೊಳ್ಳಬೇಕಿಲ್ಲ. ಹೋಬಳಿ ಮಟ್ಟದಲ್ಲಿ ಟ್ರ್ಯಾಕ್ಟರು, ರೋಟವೇಟರು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ಈ ಮೂರು ಸಣ್ಣ ಸಾಮಾನನ್ನೂ ಕಪಾಟಿನಲ್ಲಿಟ್ಟು, ಮಳೆಗಾಲಕ್ಕೆ ಮುಂಚೆ ಒಂದು ದಿನ ಐಟಿಐ ಹುಡುಗರನ್ನು ಕರೆಸಿ ಊರವರ ಗರಗಸ, ಔಷಧಿ ಪಂಪುಗಳನ್ನು ಪರೀಕ್ಷಿಸಿ ಕೊಡಲಿ. ಕೇಳುಗರಲ್ಲಿ ನನ್ನ ವಿನಂತಿ ಇಷ್ಟೇ. ನೀವೇ ಬಿಚ್ಚಿದರೂ ಸರಿ, ಮಿಸ್ತ್ರಿಗೆ ಕೊಟ್ಟರೂ ಸರಿ, ಹೊಸ ಪಿಸ್ಟನ್ ಹಾಕಿದ ಮೇಲೆ ಹಳೆಯದನ್ನು ಎಸೆಯಲು ಬಿಡಬೇಡಿ. ಕೇಳಿ ಪಡೆದು, ಬಿಸಿಲಿಗೆ ಹಿಡಿದು, ಗೀರು ಯಾವ ಮಗ್ಗುಲಲ್ಲಿದೆ ಎಂದು ನೋಡಿ.